ಮುಳ್ಳು ತೋರಿಸಿದ್ದನ್ನೇ ಬರೆಯಲು ಬಿಡಿ

ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಎಣ್ಣೆಬಟ್ಟೆ ಸುತ್ತಿಟ್ಟ ಒಂದು ಉಕ್ಕಿನ ತುಂಡಿದೆ. ತೋರುಬೆರಳಿನಷ್ಟು ಉದ್ದ. ಒಂದು ಬದಿ ದುಂಡು, ಇನ್ನೊಂದು ಬದಿ ಚಪ್ಪಟೆ. ಪವರ್ ಪ್ರೆಸ್ಸಿನ ಕ್ಲಚ್ಚಿನೊಳಗೆ ಕೂರುವ ಕೀ ಅದು. ಪೂರ್ತಿ ಕೀ ಅಲ್ಲ, ಮುರಿದ ಅರ್ಧ. ಮುರಿದ ಕಡೆ ನೋಡಿದರೆ ಬಾಗಿದ, ಜಗ್ಗಿದ ಗುರುತು ಎಲ್ಲೂ ಇಲ್ಲ. ಗಾಜಿನ ಲೋಟ ಕೈಜಾರಿ ಬಿದ್ದು ಒಡೆದ ಹಾಗೆ ಒಂದೇ ಸಲಕ್ಕೆ ಎರಡಾಗಿದೆ. ಇಪ್ಪತ್ತು ವರ್ಷ ದಾಟಿದರೂ ಅದನ್ನು ನಾನು ಗುಜರಿಗೆ ಹಾಕಿಲ್ಲ. ಆ ಕೀಗಳ ಲಾಟಿಗೆ ಕೊಟ್ಟ ಸರ್ಟಿಫಿಕೇಟಿನಲ್ಲಿ ಗಡಸುತನ 52 ಎಂದಿತ್ತು. ಬರೆದ ಕೈ ನನ್ನದು, ಸಹಿ ನನ್ನದು. ಮಷೀನಿನ ಮುಳ್ಳು ತೋರಿಸಿದ್ದು 60.

ಆ ಎಂಟು ಪಾಯಿಂಟಿನ ವಿಷಯ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು 1997ರಿಂದ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪುಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ತಿಪಟೂರು ಕಡೆಯ ಹಳ್ಳಿಯವಳು, ಮೆಟಲರ್ಜಿ ಡಿಪ್ಲೊಮಾ ಮುಗಿಸಿ ಬಂದವಳು. ಸುತ್ತಲಿನ ಸಣ್ಣ ಕಾರ್ಖಾನೆಗಳು ಗೇರು, ಪಿನ್ನು, ಶಾಫ್ಟು, ಪಂಚು, ಡೈ ಎಲ್ಲ ಮಾಡಿ ನಮಗೆ ಕಳಿಸುತ್ತವೆ. ಅವನ್ನು ಕೆಂಪಗೆ ಕಾಯಿಸಿ, ಎಣ್ಣೆಗೋ ನೀರಿಗೋ ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತರುವುದು ಶಾಪಿನ ಕೆಲಸ. ಬಂದ ಹದ ಎಷ್ಟು ಎಂದು ಅಳೆದು ಬರೆಯುವುದು ನನ್ನ ಕೆಲಸ. ಒಂದು ಪೀಸು ನೋಡಲು ಹೊರಗಿನಿಂದ ಹೇಗೆ ಬಂತೋ ಹಾಗೇ ಹೋಗುತ್ತದೆ. ಅದೇ ಆಕಾರ, ಸ್ವಲ್ಪ ಕಪ್ಪು ಬಣ್ಣ ಅಷ್ಟೆ. ಒಳಗೆ ಏನಾಗಿದೆ ಎನ್ನುವುದಕ್ಕೆ ಗಿರಾಕಿಯ ಕೈಯಲ್ಲಿರುವ ಸಾಕ್ಷಿ ಎಂದರೆ ನಾವು ಬರೆದುಕೊಡುವ ಎರಡಂಕಿಯ ಸಂಖ್ಯೆಯೊಂದೇ.

ಆ ಸಂಖ್ಯೆ ಹುಟ್ಟುವ ರೀತಿಯನ್ನು ಹೇಳುತ್ತೇನೆ. ಪೀಸಿನ ಒಂದು ಜಾಗವನ್ನು ಎಮೆರಿಯಲ್ಲಿ ತಿಕ್ಕಿ ಬೆಳ್ಳಗೆ ಮಾಡಬೇಕು. ಅಡಿಯನ್ನೂ ಒರೆಸಬೇಕು. ರಾಕ್‌ವೆಲ್ ಮಷೀನಿನ ಪೀಠದ ಮೇಲಿಟ್ಟು ಕೈಚಕ್ರ ತಿರುಗಿಸಿದರೆ ಪೀಸು ಮೇಲೇರಿ ವಜ್ರದ ಮೊನೆಗೆ ತಾಗುತ್ತದೆ. ಡಯಲ್ಲಿನ ಸಣ್ಣ ಮುಳ್ಳು ಕೆಂಪು ಚುಕ್ಕೆಗೆ ಬರುವವರೆಗೆ ತಿರುಗಿಸಬೇಕು. ಆಗ ಹತ್ತು ಕಿಲೋ ಭಾರ ಬಿದ್ದಿದೆ ಎಂದರ್ಥ. ದೊಡ್ಡ ಮುಳ್ಳನ್ನು ಸೊನ್ನೆಗೆ ಹೊಂದಿಸಿ ಲಿವರ್ ಬಿಟ್ಟರೆ ಒಳಗಿನ ತೂಕಗಳು ನಿಧಾನಕ್ಕೆ ಇಳಿದು ಒಟ್ಟು ನೂರೈವತ್ತು ಕಿಲೋ ಭಾರ ಆ ಮೊನೆಯ ಮೇಲೆ ಕೂರುತ್ತದೆ. ಮುಳ್ಳು ಸರ್ರನೆ ಓಡಿ, ತಡೆದು, ನಿಲ್ಲುತ್ತದೆ. ಲಿವರ್ ವಾಪಸ್ ಎಳೆದಾಗ ಒಂದಿಷ್ಟು ಹಿಂದಕ್ಕೆ ಬಂದು ನಿಂತ ಜಾಗವೇ ಎಚ್‌ಆರ್‌ಸಿ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ಪೀಸಿನ ಮೇಲೆ ಉಳಿಯುವುದು ಗುಂಡುಸೂಜಿ ಚುಚ್ಚಿದಂಥ ಚುಕ್ಕೆ.

ಲೆಕ್ಕ ಬಹಳ ಸರಳ. ಮೊನೆ ಎಷ್ಟು ಆಳಕ್ಕೆ ಇಳಿಯಿತೋ ಅದರಲ್ಲಿ ಪ್ರತಿ ಎರಡು ಮೈಕ್ರಾನಿಗೆ ಒಂದು ಅಂಕ ನೂರರಿಂದ ಕಳೆಯುತ್ತದೆ. 60 ಬಂತೆಂದರೆ ಎಂಬತ್ತು ಮೈಕ್ರಾನ್ ಇಳಿದಿದೆ, ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ. 58ಕ್ಕೂ 60ಕ್ಕೂ ನಡುವೆ ಇರುವುದು ನಾಲ್ಕು ಮೈಕ್ರಾನ್. ಪೀಸಿನ ಅಡಿಯಲ್ಲಿ ಕಣ್ಣಿಗೆ ಕಾಣದ ಒಂದು ಚೂರು ಬರ್ ಉಳಿದಿದ್ದರೆ, ಎಣ್ಣೆಯ ಪಸೆ ಇದ್ದರೆ, ಮಷೀನಿನ ಪಕ್ಕ ಯಾರಾದರೂ ಟ್ರಾಲಿ ದಬ್ಬಿದರೆ ಓದು ಕೆಡುತ್ತದೆ. ದುಂಡಗಿನ ಪಿನ್ನಿನ ಬೆನ್ನ ಮೇಲೆ ಒತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅದಕ್ಕೆ ತಿದ್ದುಪಡಿ ಕೊಡಬೇಕು. ಬೆಂಕಿಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗಿದ್ದರೆ ಚರ್ಮ ಮೆತ್ತಗಾಗಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಒತ್ತಿದರೆ ಒಳ್ಳೆಯ ಪೀಸೂ ಕೆಟ್ಟದ್ದೆಂದು ಕಾಣುತ್ತದೆ. ಪ್ರಾಮಾಣಿಕವಾಗಿ ಅಳೆಯುವುದಕ್ಕೇ ಇಷ್ಟು ಕಸುಬು ಬೇಕು. ಹಾಗಿರುವಾಗ ಅಳೆದ ಮೇಲೂ ಬೇರೆ ಸಂಖ್ಯೆ ಬರೆಯಿರಿ ಅನ್ನುವುದು ಆ ಕಸುಬಿಗೆ ಮಾಡುವ ಅವಮಾನ.

ಆ ಕೀಗಳ ಲಾಟು ಬಂದದ್ದು 2003ರಲ್ಲಿ. ಓಎಚ್‌ಎನ್‌ಎಸ್ ಉಕ್ಕು. ಡ್ರಾಯಿಂಗಿನಲ್ಲಿ 50ರಿಂದ 54 ಎಂದಿತ್ತು. ಎಣ್ಣೆಗೆ ಅದ್ದಿದಾಗ 64 ಬಂತು, ಬರಬೇಕಾದದ್ದೇ. ಇನ್ನು ಸುಮಾರು ನಾನೂರು ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರಿಂಗ್ ಮಾಡಿದ್ದರೆ ಕೇಳಿದ ಹದಕ್ಕೆ ಇಳಿಯುತ್ತಿತ್ತು. ಆದರೆ ಟೆಂಪರಿಂಗ್ ಫರ್ನೇಸಿನಲ್ಲಿ ಬೇರೆ ಗಿರಾಕಿಯ ಪಂಚುಗಳು ಇನ್ನೂರು ಡಿಗ್ರಿಯಲ್ಲಿ ಕೂತಿದ್ದವು. ಇಷ್ಟು ಸಣ್ಣ ಲಾಟಿಗೆ ಇನ್ನೊಂದು ಸಲ ಕರೆಂಟು ಸುಡುವುದೇಕೆ ಎಂದು ಕೀಗಳನ್ನೂ ಅದರ ಜೊತೆಗೇ ಹಾಕಿದರು. ಸಂಜೆ ನಾನು ಒತ್ತಿ ನೋಡಿದರೆ 60, 60, 61. ಮತ್ತೆ ಹಾಕಬೇಕು ಅಂದೆ. ಗಿರಾಕಿಯ ಕಡೆಯವರು ಪಕ್ಕದಲ್ಲೇ ನಿಂತಿದ್ದರು.

"ಜಾಸ್ತಿ ಬಂದಿದೆ ತಾನೆ ಮೇಡಂ, ಕಮ್ಮಿ ಅಲ್ಲವಲ್ಲ? ಇನ್ನೂ ಒಳ್ಳೇದೇ ಆಯ್ತು. ಡ್ರಾಯಿಂಗ್‌ನಲ್ಲಿರೋದನ್ನ ಬರ್ಕೊಡಿ, ಗಾಡಿ ಕಾಯ್ತಿದೆ."

ನಮ್ಮ ಸೂಪರ್‌ವೈಸರ್ ಕೂಡ ಬರೆಯಮ್ಮ ಅಂದರು. ನಾನು ಬರೆದೆ. ಎರಡು ಗಂಟೆ ತಡೆದಿದ್ದರೆ ಸರಿಹೋಗುತ್ತಿತ್ತು ಎನ್ನುವುದೇ ನನ್ನನ್ನು ಇವತ್ತಿಗೂ ಸುಡುವ ಸಂಗತಿ. ಸೀಳು ಬಿಟ್ಟ ಪೀಸನ್ನು ಉಳಿಸಲಾಗದು, ಇಂಗಾಲವಿಲ್ಲದ ಉಕ್ಕಿನಿಂದ ಗಡಸುತನ ಹೊರಡಿಸಲಾಗದು. ಹೆಚ್ಚಾದ ಗಡಸುತನವನ್ನು ಇಳಿಸುವುದು ಮಾತ್ರ ಯಾವಾಗ ಬೇಕಾದರೂ ಆಗುವ ಕೆಲಸ.

ಐದಾರು ತಿಂಗಳ ಮೇಲೆ ಆ ಕೀ ಪ್ರೆಸ್ಸಿನೊಳಗೆ ಮುರಿಯಿತು. ಪ್ರೆಸ್ಸಿನ ಪೆಡಲ್ ಒತ್ತಿದರೆ ರ‍್ಯಾಮ್ ಒಂದು ಸಲ ಇಳಿದು, ಏರಿ, ಮೇಲೆ ನಿಲ್ಲಬೇಕು. ಕೀ ಹೊರಳಿ ಕ್ಲಚ್ಚನ್ನು ಬಿಡಿಸಿದರೆ ಮಾತ್ರ ನಿಲ್ಲುತ್ತದೆ. ಮುರಿದ ತುಂಡು ನಡುವೆ ಸಿಕ್ಕಿಕೊಂಡಿದ್ದರಿಂದ ರ‍್ಯಾಮ್ ನಿಲ್ಲದೆ ಎರಡನೇ ಸಲ ಇಳಿಯಿತು. ಪ್ರೆಸ್ ನಡೆಸುತ್ತಿದ್ದ ಹುಡುಗ ಪೀಸು ತೆಗೆಯಲು ಕೈಹಾಕಿದ್ದ. ರಾಯಚೂರು ಕಡೆಯವನು, ಇಪ್ಪತ್ತನಾಲ್ಕು ವರ್ಷ. ಬಲಗೈಯ ಎರಡು ಬೆರಳು ಹೋದವು.

ಮುರಿದ ಕೀ ನಮ್ಮ ಶಾಪಿಗೆ ವಾಪಸ್ ಬಂತು. ಒತ್ತಿದೆ. 60. ನಾನು ಆ ಹುಡುಗನನ್ನು ನೋಡಲು ಹೋದಾಗ ಕೈಗೆ ಇನ್ನೂ ಬ್ಯಾಂಡೇಜ್ ಇತ್ತು. ಆದದ್ದನ್ನು ಆದಹಾಗೆ ಹೇಳಿದೆ. ಅವನಿಗೆ ಮಷೀನಿನ ಮೇಲೆ ಆಸಕ್ತಿ ಇತ್ತು, ಬಿಡಿಸಿ ಬಿಡಿಸಿ ಕೇಳಿದ.

"ಅದು ಎಷ್ಟ್ ಇರಬೇಕಿತ್ರಿ ಅಕ್ಕಾರ?"

"ಐವತ್ತೆರಡು."

"ಎಷ್ಟ್ ಇತ್ರಿ?"

"ಅರವತ್ತು."

"ಮತ್ತ ಜಾಸ್ತೀನ ಇತ್ತಲ್ರಿ?"

ಅವನೂ ಅದನ್ನೇ ಕೇಳಿದ. ಬೆರಳು ಕಳೆದುಕೊಂಡವನೂ ಕೇಳಿದ್ದು ಅದನ್ನೇ. ಗಟ್ಟಿ ಎಂದರೆ ಒಳ್ಳೆಯದು, ಇನ್ನೂ ಗಟ್ಟಿ ಎಂದರೆ ಇನ್ನೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ಪಾತ್ರೆ ಅಂಗಡಿಯಿಂದ ಹಿಡಿದು ಪರ್ಚೇಸ್ ಆಫೀಸಿನವರೆಗೆ ಇದೇ ಮಾತು.

ಉಕ್ಕಿನಲ್ಲಿ ಗಡಸುತನ ಬರುವುದು ಸಂಕಟದಿಂದ. ಉಕ್ಕನ್ನು ಎಂಟುನೂರು ಡಿಗ್ರಿ ದಾಟಿಸಿ ಕಾಯಿಸಿದಾಗ ಕಬ್ಬಿಣದ ಕಣಗಳ ಜೋಡಣೆ ಬದಲಾಗಿ ನಡುವೆ ಇಂಗಾಲಕ್ಕೆ ಜಾಗ ಆಗುತ್ತದೆ. ಹಾಗೇ ಮೆಲ್ಲಗೆ ಆರಲು ಬಿಟ್ಟರೆ ಇಂಗಾಲ ತನ್ನ ಪಾಡಿಗೆ ಹೊರಬಂದು ಬೇರೆಯಾಗಿ ಕೂರುತ್ತದೆ, ಉಕ್ಕು ಮೆತ್ತಗೆ ಉಳಿಯುತ್ತದೆ. ತಟ್ಟನೆ ಎಣ್ಣೆಗೆ ಅದ್ದಿದರೆ ಅದಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಕಬ್ಬಿಣ ಹಳೆಯ ಜೋಡಣೆಗೆ ಮರಳಲು ಎಳೆಯುತ್ತದೆ, ಇಂಗಾಲ ನಡುವೆ ಸಿಕ್ಕಿಕೊಂಡು ಬಿಡುವುದಿಲ್ಲ. ಈ ಬಿಗಿದ ಸ್ಥಿತಿಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನಿಂದ ಮಾರ್ಟೆನ್‌ಸೈಟ್ ಎನ್ನುತ್ತಾರೆ. ವಜ್ರದ ಮೊನೆಗೂ ಸುಲಭಕ್ಕೆ ಜಾಗ ಕೊಡದ ಬಿಗಿತ ಅದು. ಆದರೆ ಏಟು ಬಿದ್ದಾಗ ಬಾಗಿ ತಾಳಿಕೊಳ್ಳುವ ಗುಣವೂ ಅದೇ ಬಿಗಿತದಲ್ಲಿ ಹೋಗಿಬಿಟ್ಟಿರುತ್ತದೆ. ಟೆಂಪರಿಂಗ್ ಎಂದರೆ ಸಿಕ್ಕಿಬಿದ್ದ ಇಂಗಾಲವನ್ನು ಒಂದಿಷ್ಟು ಹೊರಗೆ ಬಿಟ್ಟು ಆ ಸಂಕಟ ಕಡಿಮೆ ಮಾಡುವುದು. ಸ್ವಲ್ಪ ಗಡಸುತನ ಕೊಟ್ಟು ಬಹಳಷ್ಟು ತಾಳಿಕೆ ಪಡೆಯುವ ವ್ಯವಹಾರ.

ಕನ್ನಡದಲ್ಲಿ ಇದಕ್ಕೆ ಹದ ಎನ್ನುತ್ತಾರೆ. ಬೆಲ್ಲದ ಪಾಕಕ್ಕೂ ಹದ, ದೋಸೆ ಹಿಟ್ಟಿಗೂ ಹದ, ಮಳೆ ಬಿದ್ದ ಹೊಲಕ್ಕೂ ಹದ. ಯಾವುದರಲ್ಲೂ ಹದ ಎಂದರೆ ಹೆಚ್ಚು ಎಂದಲ್ಲ.

ನಮ್ಮೂರಿನ ಕುಲುಮೆಯಲ್ಲಿ ಆಚಾರ್ ತಾತ ತೆಂಗಿನಕಾಯಿ ಸುಲಿಯುವ ಹಾರೆಗೆ ಮೊನೆ ಮಾಡುತ್ತಿದ್ದುದನ್ನು ನಾನು ತಿದಿ ಒತ್ತುತ್ತಾ ನೋಡಿದ್ದೇನೆ. ಕಾಯಿ ಸುಲಿಯುವವರು ಮೊನೆಗೆ ಚುಚ್ಚಿ ಇಡೀ ಮೈಭಾರ ಹಾಕಿ ತಿರುಚುತ್ತಾರೆ. ಮೊನೆ ಮೆತ್ತಗಿದ್ದರೆ ಸಾವಿರ ಕಾಯಿಗೆ ಮೊಂಡಾಗುತ್ತದೆ. ಬಹಳ ಗಡಸಾದರೆ ಮೊದಲ ದಿನವೇ ಚಟ್ಟನೆ ಮುರಿದು ಅಂಗೈ ಸೀಳುತ್ತದೆ. ತಾತನ ಕುಲುಮೆಯಲ್ಲಿ ಕಿಟಕಿ ಇರಲಿಲ್ಲ. ಕತ್ತಲಲ್ಲಿ ಮಾತ್ರ ಕೆಂಪಿನ ಬಣ್ಣ ಸರಿಯಾಗಿ ಕಾಣುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಕೆಂಡದಂತಾದ ಮೊನೆಯನ್ನು ಎರಡು ಬೆರಳಿನಷ್ಟು ಮಾತ್ರ ನೀರಿಗೆ ಅದ್ದಿ ತೆಗೆದು, ಮರಳುಗಲ್ಲಿನಿಂದ ಒಂದು ಪಕ್ಕ ಉಜ್ಜಿ ಬೆಳ್ಳಗೆ ಮಾಡಿ, ಹಿಡಿದು ಸುಮ್ಮನೆ ನೋಡುತ್ತಿದ್ದರು. ಹಿಂದಿನ ಭಾಗದಲ್ಲಿ ಉಳಿದ ಬಿಸಿ ಮೆಲ್ಲಗೆ ಮೊನೆಯ ಕಡೆ ಹರಿಯುತ್ತಿತ್ತು. ಬೆಳ್ಳಗಿದ್ದ ಜಾಗಕ್ಕೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ನೇರಳೆ ಮೊನೆ ಮುಟ್ಟುವ ಹೊತ್ತಿಗೆ ಚೊಯ್ ಎಂದು ಪೂರ್ತಿ ಅದ್ದುತ್ತಿದ್ದರು.

"ಯಾಕ್ ತಾತ ಎರಡು ಸಲ?" ಎಂದು ಕೇಳಿದ್ದೆ.

"ಮೊದಲ್ನೇ ನೀರು ಸೊಕ್ಕು ಕೊಡ್ತದೆ ಮಗ. ಆ ಸೊಕ್ಕು ಇಳಿಯೋಗಂಟ ಕಾಯಬೇಕು. ಕಾಯ್ದೆ ಹೋದ್ರೆ ಆಳ್ನ ಕೈ ಹೋಯ್ತದೆ."

ತಾತನ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಒಣಹುಲ್ಲಿನ ಬಣ್ಣ ಬರುವುದು ಸುಮಾರು ಇನ್ನೂರಿಪ್ಪತ್ತು ಡಿಗ್ರಿಯಲ್ಲಿ, ನೀಲಿ ಬರುವುದು ಮುನ್ನೂರರ ಆಸುಪಾಸಿನಲ್ಲಿ ಎಂದು ನಾನು ಕಾಲೇಜಿನಲ್ಲಿ ಓದಿದೆ. ಅವರು ಕಣ್ಣಲ್ಲಿ ಓದುತ್ತಿದ್ದರು. ಅರ ಹಾಕಿ ಎಳೆದು, ಅರ ಹಿಡಿಯಿತೋ ಜಾರಿತೋ ಎಂದು ನೋಡುವುದೇ ಅವರ ಗಡಸುತನದ ಪರೀಕ್ಷೆ. ಆ ಅರದ ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಮಷೀನ್ ಏನೋ ತಪ್ಪು ಹೇಳುತ್ತಿದೆ ಎಂದು ಅನುಮಾನ ಬಂದಾಗ ಮೊದಲು ಕೈ ಹೋಗುವುದು ಅರಕ್ಕೆ.

ಇದೇ ವಿದ್ಯೆ ನೀವು ಮನೆ ಕಟ್ಟಲು ತರುವ ಟಿಎಂಟಿ ಕಂಬಿಯಲ್ಲೂ ಇದೆ. ರೋಲಿಂಗ್ ಮಿಲ್ಲಿನಿಂದ ಕೆಂಪಗೆ ಹೊರಬರುವ ಕಂಬಿಯ ಮೇಲೆ ರಭಸದಿಂದ ನೀರು ಹಾಯಿಸುತ್ತಾರೆ. ಹೊರಗಿನ ಪದರ ತಟ್ಟನೆ ಗಡಸಾಗುತ್ತದೆ, ತಿರುಳು ಬಿಸಿಯಾಗಿಯೇ ಇರುತ್ತದೆ. ನೀರಿನಿಂದ ಹೊರಬಂದ ಮೇಲೆ ತಿರುಳಿನ ಬಿಸಿ ಹೊರಕ್ಕೆ ಹರಿದು ಆ ಗಡಸು ಪದರವನ್ನು ಹದಕ್ಕೆ ತರುತ್ತದೆ. ತಾತ ಹಾರೆಯ ಮೊನೆಗೆ ಮಾಡಿದ್ದನ್ನು ಅಲ್ಲಿ ಕಂಬಿಯ ಸುತ್ತಲಿಗೂ ಮಾಡುತ್ತಾರೆ. ಹೊರಗೆ ಗಟ್ಟಿ, ಒಳಗೆ ಬಾಗುವ ಗುಣ. ಸೈಟಿನಲ್ಲಿ ಬಾಗಿಸಲು ಕಷ್ಟ ಎಂದು ಕಂಬಿಯನ್ನು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ನೀವು ದುಡ್ಡು ಕೊಟ್ಟದ್ದು ಆ ಹೊರಪದರಕ್ಕೆ. ಕೆಂಪಾದ ಜಾಗದಲ್ಲಿ ಅದು ಹೊರಟುಹೋಗುತ್ತದೆ.

ಉಕ್ಕು ಎಂಬ ನಮ್ಮ ಮಾತಿನಿಂದಲೇ ಇಂಗ್ಲಿಷಿನ ವೂಟ್ಜ್ ಬಂದಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಹದಿನೆಂಟನೇ ಶತಮಾನದ ಕೊನೆಗೆ ಆ ಉಕ್ಕಿನ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು, ಮುಂದೆ ಮೈಕೇಲ್ ಫ್ಯಾರಡೆ ಕೂಡ ಅದನ್ನು ಪರೀಕ್ಷೆ ಮಾಡಿದರು. ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ ಅದರಲ್ಲಿತ್ತು. ಯೂರೋಪಿನ ಕಮ್ಮಾರರು ತಮ್ಮ ರೂಢಿಯ ಬಿಸಿಗೆ ಅದನ್ನು ಕಾಯಿಸಿ ಬಡಿದಾಗ ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತಂತೆ. ಇಲ್ಲಿನವರು ಅದನ್ನು ಮಂದ ಬಿಸಿಯಲ್ಲಿ, ತಾಳ್ಮೆಯಿಂದ ಬಡಿಯುತ್ತಿದ್ದರು. ಅಂಥ ಜನರ ನಾಡಿನಲ್ಲಿ ಟೆಂಪರಿಂಗಿಗೆ ಎರಡು ಗಂಟೆ ಕೊಡಲು ಆಗುವುದಿಲ್ಲ ಎಂದರೆ ನನಗೆ ಬಹಳ ಬೇಜಾರಾಗುತ್ತದೆ.

ಗಡಸುತನ ಅಳೆಯುವ ಮಷೀನು ಹುಟ್ಟಿದ್ದೇ ಹೀಟ್ ಟ್ರೀಟ್‌ಮೆಂಟನ್ನು ಕಾಯಲು. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ತಮ್ಮ ವಿಧಾನವನ್ನು ಜಗತ್ತಿಗೆ ತೋರಿಸಿದರು. ಹತ್ತು ಮಿಲಿಮೀಟರಿನ ಗುಂಡು, ಮೂರು ಸಾವಿರ ಕಿಲೋ ಭಾರ. ಎರಕದ ಕಬ್ಬಿಣಕ್ಕೆ ಇವತ್ತಿಗೂ ಅದೇ ಸರಿ, ಬೆಳಗಾವಿಯ ಫೌಂಡ್ರಿಗಳವರು ಈಗಲೂ ಮಾತಾಡುವುದು ಬ್ರಿನೆಲ್ ಲೆಕ್ಕದಲ್ಲೇ. ಆದರೆ ಅದರ ಗುರುತು ದೊಡ್ಡದು, ಭೂತಗನ್ನಡಿಯಲ್ಲಿ ಅಳೆಯುತ್ತಾ ಕೂರಬೇಕು. ಅಮೆರಿಕದ ಕನೆಕ್ಟಿಕಟ್‌ನ ಬೇರಿಂಗ್ ಕಾರ್ಖಾನೆಯೊಂದರಲ್ಲಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟಾನ್ಲಿ ರಾಕ್‌ವೆಲ್ ಅವರಿಗೆ, ಬೇರಿಂಗಿನ ರೇಸುಗಳು ಬೆಂಕಿಯಿಂದ ಸರಿಯಾಗಿ ಹೊರಬಂದವೇ ಎಂದು ಅಲ್ಲೇ, ಆಗಲೇ ನೋಡಬೇಕಿತ್ತು. 1914ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1919ರಲ್ಲಿ ಸಿಕ್ಕಿತು. ಅಂದರೆ ಈ ಮಷೀನು ಶೋಕೇಸಿನಲ್ಲಿಡಲು ಬಂದದ್ದಲ್ಲ. ಬೆಂಕಿಯ ಪಕ್ಕದಲ್ಲಿ ನಿಂತು, ಇದು ಆಯಿತು, ಇದು ಆಗಲಿಲ್ಲ ಎಂದು ಹೇಳಲು ಬಂದದ್ದು. ಆಗಲಿಲ್ಲ ಎಂದು ಹೇಳುವ ಅಧಿಕಾರವನ್ನೇ ಅದರಿಂದ ಕಿತ್ತುಕೊಂಡರೆ ಮತ್ತೇನು ಉಳಿಯಿತು?

ಯಾಕೆ ಹೀಗಾಗುತ್ತದೆ ಎಂದು ಬಹಳ ಯೋಚಿಸಿದ್ದೇನೆ. ಕೆಟ್ಟ ಮನಸ್ಸಿನಿಂದ ಮಾಡುವವರು ಕಡಿಮೆ. ಮೂಲ ಇರುವುದು ರೇಟಿನಲ್ಲಿ. ನಮ್ಮಲ್ಲಿ ಹೀಟ್ ಟ್ರೀಟ್‌ಮೆಂಟ್ ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಈರುಳ್ಳಿ ತೂಗಿದ ಹಾಗೆ ತೂಗಿ, ಕಿಲೋಗೆ ಇಷ್ಟು ಎಂದು ಬಿಲ್ಲು. ಐವತ್ತು ಪೈಸೆ ಕಡಿಮೆ ಮಾಡಿ ಎಂದು ಅರ್ಧ ಗಂಟೆ ಚೌಕಾಸಿ. ಆದರೆ ಫರ್ನೇಸ್ ತೂಕ ನೋಡಿ ಕರೆಂಟು ತಿನ್ನುವುದಿಲ್ಲ, ಗಂಟೆ ನೋಡಿ ತಿನ್ನುತ್ತದೆ.

ಗೇರುಗಳಿಗೆ ಮಾಡುವ ಕೇಸ್ ಹಾರ್ಡನಿಂಗನ್ನೇ ನೋಡಿ. ಕಡಿಮೆ ಇಂಗಾಲದ ಉಕ್ಕನ್ನು ಒಂಬೈನೂರು ಡಿಗ್ರಿಯ ಮೇಲೆ ಇಂಗಾಲ ತುಂಬಿದ ಅನಿಲದಲ್ಲಿಟ್ಟರೆ ಇಂಗಾಲ ಹೊರಗಿನಿಂದ ಒಳಕ್ಕೆ ಇಳಿಯುತ್ತದೆ. ಮೊದಮೊದಲು ಬೇಗ, ಆಮೇಲೆ ನಿಧಾನ, ಇನ್ನೂ ನಿಧಾನ. ಅರ್ಧ ಮಿಲಿಮೀಟರ್ ಆಳಕ್ಕೆ ಬೇಕಾದ ಸಮಯದ ಎರಡರಷ್ಟು ಕೊಟ್ಟರೆ ಒಂದು ಮಿಲಿಮೀಟರ್ ಬರುವುದಿಲ್ಲ, ನಾಲ್ಕರಷ್ಟು ಕೊಡಬೇಕು. ಪ್ರಕೃತಿಯ ಲೆಕ್ಕ ಅದು, ಯಾರ ಚೌಕಾಸಿಗೂ ಬಗ್ಗುವುದಿಲ್ಲ. ಅರ್ಧ ಮಿಲಿಮೀಟರಿಗೂ ಒಂದು ಮಿಲಿಮೀಟರಿಗೂ ಕಿಲೋಗೆ ಹೆಚ್ಚುಕಡಿಮೆ ಒಂದೇ ರೇಟು ಎಂದು ಪಟ್ಟು ಹಿಡಿದರೆ ಶಾಪಿನವರು ಬಾಗಿಲನ್ನು ಬೇಗ ತೆಗೆಯುತ್ತಾರೆ. ಮೇಲೆ ರಾಕ್‌ವೆಲ್ ಒತ್ತಿದರೆ 58, 60 ಬಂದೇ ಬರುತ್ತದೆ. ಆಳ ಎಷ್ಟಿದೆ ಎಂದು ತಿಳಿಯಲು ಪೀಸನ್ನು ಕತ್ತರಿಸಿ, ಕನ್ನಡಿಯಂತೆ ಹೊಳಪು ಮಾಡಿ, ಅಂಚಿನಿಂದ ಒಳಕ್ಕೆ ಹೆಜ್ಜೆ ಹೆಜ್ಜೆಯಾಗಿ ವಿಕರ್ಸ್ ಮೊನೆ ಒತ್ತುತ್ತಾ, 550ಕ್ಕೆ ಇಳಿಯುವ ಜಾಗ ಎಲ್ಲಿ ಎಂದು ಹುಡುಕಬೇಕು. ಕತ್ತರಿಸಲು ಒಂದು ಪೀಸು ಹೆಚ್ಚು ಕೊಡಿ ಅಂದರೆ ಗಿರಾಕಿಗೆ ಸಿಟ್ಟು. ಆ ಗೇರು ಆಟೋದಲ್ಲೋ ಟ್ರ್ಯಾಕ್ಟರಿನಲ್ಲೋ ಕೂತು, ಒಂದು ವರ್ಷಕ್ಕೆ ಚಿಪ್ಪುಚಿಪ್ಪಾಗಿ ಎದ್ದಾಗ ಕಳೆದುಕೊಳ್ಳುವವನು ಈ ಚೌಕಾಸಿಯಲ್ಲಿ ಇರಲೇ ಇಲ್ಲ.

ಇನ್ನು ಸರ್ಟಿಫಿಕೇಟು. ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆರೆದು, ತಾರೀಕು ಬದಲಾಯಿಸಿ, ಪ್ರಿಂಟ್ ಕೊಡುವುದು ಎಷ್ಟು ಕಡೆ ನಡೆಯುತ್ತದೆ ಎಂದು ಈ ಕಸುಬಿನವರಿಗೆಲ್ಲ ಗೊತ್ತು. ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ. ಐದು ಪೀಸಿನ ಓದು ಐದೂ 52 ಎಂದಿದ್ದರೆ ಆ ಕಾಗದವನ್ನು ಪಕ್ಕಕ್ಕಿಟ್ಟು ಪೀಸನ್ನು ಕೈಗೆತ್ತಿಕೊಳ್ಳಿ. ನಿಜವಾಗಿ ಒತ್ತಿದವರ ಕಾಗದದಲ್ಲಿ 51, 53, 52, ನಡುವೆ ಒಂದು 50 ಇರುತ್ತದೆ. ಪೀಸಿನ ಮೇಲೆ ಚುಕ್ಕೆ ಇರುತ್ತದೆ. ಚುಕ್ಕೆಯೇ ಇಲ್ಲದ ಲಾಟಿಗೆ ಐದು ಓದು ಎಲ್ಲಿಂದ ಬಂತು ಎಂದು ಕೇಳಿ.

ಸಣ್ಣ ಕಾರ್ಖಾನೆಯವರು ಹೇಳುವ ಕಷ್ಟ ಸುಳ್ಳಲ್ಲ. ಮೂರು ತಿಂಗಳಿಗೆ ಬರುವ ಪೇಮೆಂಟು, ಏರುವ ಕರೆಂಟು ಬಿಲ್ಲು, ನಾಳೆಯೇ ಬೇಕು ಎನ್ನುವ ದೊಡ್ಡ ಕಂಪನಿ. ಈ ಒತ್ತಡ ಮೇಲಿನಿಂದ ಇಳಿದು ಇಳಿದು ಕೊನೆಗೆ ಸಹಿ ಹಾಕುವವರ ಪೆನ್ನಿನ ತುದಿಗೆ ಬಂದು ನಿಲ್ಲುತ್ತದೆ. ಅದಕ್ಕೇ ನಾನು ಶಾಪಿನವರನ್ನಷ್ಟೇ ದೂರುವುದಿಲ್ಲ. ಡ್ರಾಯಿಂಗಿನಲ್ಲಿ ಬರೀ ಸಂಖ್ಯೆ ಬರೆದು ಕೈತೊಳೆದುಕೊಳ್ಳುವ ದೊಡ್ಡ ಕಂಪನಿಗಳು, ಟೆಂಪರಿಂಗಿನ ಬಿಸಿ ಎಷ್ಟು, ಸಮಯ ಎಷ್ಟು, ಕೇಸಿನ ಆಳ ಎಷ್ಟು ಎಂದೂ ಬರೆಯಲಿ. ಆ ಗಂಟೆಗಳಿಗೆ ದುಡ್ಡು ಕೊಡಲಿ. ಫರ್ನೇಸಿನ ಚಾರ್ಟು ಕೇಳಲಿ. ಪ್ರತಿ ಲಾಟಿಗೆ ಕತ್ತರಿಸಲು ಒಂದು ಪೀಸು ತಾವೇ ಸೇರಿಸಿ ಕಳಿಸಲಿ. ಮಾಲು ಬಂದ ಮೇಲೆ ತಮ್ಮ ಕಡೆಯೂ ಒತ್ತಿ ನೋಡಲಿ. ಕೈಯಲ್ಲಿ ತಿರುಗಿಸುವ ರಾಕ್‌ವೆಲ್ ಮಷೀನೇನು ಲಕ್ಷಾಂತರದ್ದಲ್ಲ, ಒಂದು ಸ್ಕೂಟರಿನ ಬೆಲೆಯ ಆಸುಪಾಸು.

ಅದೂ ಆಗದವರಿಗೆ ಸರ್ಕಾರ ಕೈಹಿಡಿಯಬೇಕು. ಸಣ್ಣ ಉದ್ಯಮಗಳು ಗುಂಪಾಗಿ ಸೇರಿ ಮಾಡಿಕೊಳ್ಳುವ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ನೆರವಿನ ಯೋಜನೆ ಇದೆ. ಡೆನ್ಮಾರ್ಕಿನ ಸಹಾಯದಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಮ್ಮ ಜಿಟಿಟಿಸಿ, ಈಗ ರಾಜ್ಯದ ಊರೂರಿನಲ್ಲಿದೆ. ತುಮಕೂರು ರಸ್ತೆಯಲ್ಲೇ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐ ಇದೆ. ಇಂಥ ಕಡೆಗಳಲ್ಲಿ ಸಂಜೆ ಹೊತ್ತು, ಮುಂಗಡ ಅರ್ಜಿ, ಕೊಟೇಶನ್ ಎಂದು ಅಲೆಸದೆ, ಕೈಯಲ್ಲಿ ಪೀಸು ಹಿಡಿದು ಬಂದವರಿಗೆ ಹತ್ತು ನಿಮಿಷದಲ್ಲಿ ಒತ್ತಿ, ಬಂದ ಸಂಖ್ಯೆ ಬರೆದುಕೊಡುವ ಒಂದು ಕಿಟಕಿ ತೆರೆಯಲಿ. ರಕ್ತಪರೀಕ್ಷೆಯ ಲ್ಯಾಬಿಗೆ ಹೋದಷ್ಟು ಸಲೀಸಾಗಿರಲಿ.

ಇನ್ನೊಂದು ಬೇಡಿಕೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ. ಪ್ರೆಸ್ಸಿನಲ್ಲಿ ಬೆರಳು ಹೋದಾಗಲೆಲ್ಲ ಆಪರೇಟರ್ ಗಮನ ಕೊಡಲಿಲ್ಲ ಎಂಬ ಮಾತೇ ಮೊದಲು ಬರುತ್ತದೆ. ಮುರಿದ ಭಾಗ ಇದ್ದರೆ ಅದನ್ನು ವಶಕ್ಕೆ ತೆಗೆದುಕೊಂಡು ಗಡಸುತನ ನೋಡುವುದು ಕಡ್ಡಾಯವಾಗಲಿ. ಸರ್ಟಿಫಿಕೇಟಿನ ಸಂಖ್ಯೆಯ ಪಕ್ಕದಲ್ಲಿ ಆ ಸಂಖ್ಯೆ ಇಟ್ಟು ನೋಡಲಿ. ಅರ್ಧ ನಿಮಿಷದ ಕೆಲಸ ಎಂದು ಮೇಲೇ ಹೇಳಿದ್ದೇನೆ. ಕೀಗೆ ಬರೆದ ಸರ್ಟಿಫಿಕೇಟನ್ನು ಯಾರಾದರೂ ತಂದು ನನ್ನ ಮುಂದಿಟ್ಟು ಕೇಳಿದ್ದರೆ ನಾನು ಅವತ್ತೇ ಒಪ್ಪಿಕೊಳ್ಳುತ್ತಿದ್ದೆ. ಯಾರೂ ಕೇಳಲಿಲ್ಲ.

ಹೆಚ್ಚಿನ ಗಡಸುತನ ಏನು ಮಾಡಬಲ್ಲದು ಎನ್ನುವುದಕ್ಕೆ ನನ್ನ ಡ್ರಾಯರಿನ ತುಂಡೊಂದೇ ಉದಾಹರಣೆಯಲ್ಲ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೊಸ ಬೇ ಬ್ರಿಜ್‌ನಲ್ಲಿ 96 ದೊಡ್ಡ ಸರಳುಗಳನ್ನು ಬಿಗಿದರು. ಗಡಸು ಮಾಡಿ ಸತು ಲೇಪಿಸಿದ ಉಕ್ಕು. ಕೆಲವೇ ದಿನಗಳಲ್ಲಿ 32 ಮುರಿದವು. ಗಡಸು ಹೆಚ್ಚಾದಷ್ಟೂ ಉಕ್ಕಿನೊಳಗೆ ಸೇರಿದ ಜಲಜನಕ ಅದನ್ನು ಒಳಗೊಳಗೇ ಸೀಳುವುದು ಸುಲಭವಾಗುತ್ತದೆ. ತಲೆಯ ಮೇಲೆ 12.9 ಎಂದು ಬರೆದ ಬೋಲ್ಟು 8.8ಕ್ಕಿಂತ ಗಟ್ಟಿ ನಿಜ. ಅದಕ್ಕೆ ಸತುವಿನ ಪ್ಲೇಟಿಂಗ್ ಮಾಡಿಸಿದ ಮೇಲೆ ಒಲೆಯಲ್ಲಿಟ್ಟು ಗಂಟೆಗಟ್ಟಲೆ ಜಲಜನಕ ಹೊರಹಾಕಬೇಕು. ಆ ಗಂಟೆಗಳೂ ಕಿಲೋ ರೇಟಿನಲ್ಲಿ ಕಾಣಿಸುವುದಿಲ್ಲ.

ಈ ಶನಿವಾರದ ಸಂಗತಿ. ಇಎನ್8 ಉಕ್ಕಿನ 240 ಪಿನ್ನುಗಳು ಬಂದಿದ್ದವು. ಡ್ರಾಯಿಂಗಿನಲ್ಲಿ 50ರಿಂದ 55. ಅದ್ದಿ ತೆಗೆದು ಒತ್ತಿದಾಗ 46. ಉಜ್ಜಿ ಒತ್ತಿದೆ, ತುದಿಯ ಚಪ್ಪಟೆ ಮುಖದಲ್ಲಿ ಒತ್ತಿದೆ, ಗಡಸುತನ ಗೊತ್ತಿರುವ ಬ್ಲಾಕಿಟ್ಟು ಮಷೀನನ್ನೂ ನೋಡಿದೆ. 46, 45, 47. ಒಂದು ಪೀಸನ್ನು ಲ್ಯಾಬಿಗೆ ಕಳಿಸಿದರೆ ಇಂಗಾಲ 0.36 ಎಂದು ಬಂತು. ಇಎನ್8ರ ಮಿತಿಯೊಳಗೇ ಇದೆ, ಆದರೆ ತೀರಾ ಕೆಳಗಿನ ಅಂಚು. ಅಷ್ಟು ದಪ್ಪದ ಪಿನ್ನಿನಲ್ಲಿ ಆ ಇಂಗಾಲಕ್ಕೆ ಇದಕ್ಕಿಂತ ಹೆಚ್ಚು ಬರುವುದಿಲ್ಲ. ಇನ್ನೂ ರಭಸದ ನೀರಿಗೆ ಅದ್ದಿದರೆ ಎರಡು ಪಾಯಿಂಟು ಏರಬಹುದು, ಕೀ ಜಾಡಿನ ಮೂಲೆಯಲ್ಲಿ ಸೀಳು ಬರುತ್ತದೆ. ಗಿರಾಕಿಯ ಫೋನು ನಾಲ್ಕು ಸಲ ಬಂತು. ಐವತ್ತು ಅಂತ ಹಾಕಿ ಕಳಿಸಿ, ನಾವು ನೋಡ್ಕೋತೀವಿ ಅಂದರು. ಲಾಟಿಗೆ ಕೆಂಪು ಟ್ಯಾಗ್ ಕಟ್ಟಿ ಇಟ್ಟಿದ್ದೇನೆ. ಸರ್ಟಿಫಿಕೇಟಿನಲ್ಲಿ 46, 45, 47 ಎಂದೇ ಬರೆದಿದ್ದೇನೆ. ಸೋಮವಾರ ಅವರ ಡಿಸೈನಿನವರು ಬಂದು ನೋಡುತ್ತಾರಂತೆ.